ನಲವತ್ತು ಮುಖಗಳಿಗೆ ಒಂದೇ ಕಿವಿ

ಪೆನ್ಸಿಲ್ ಮಂಗಳವಾರ ಬೆಳಗ್ಗೆ ಆರೂವರೆಗೆ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ತೀರಿಕೊಂಡ. ಹೃದಯ ಸೋತಿತ್ತು. ವಯಸ್ಸು ಅರವತ್ತಮೂರು. ಹೆಂಡತಿ ಮುಖ ತೊಳೆದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏಳು ಗಂಟೆಗೆ ಆಕೆ ನನಗೆ ಫೋನ್ ಮಾಡಿ, “ಅಣ್ಣಾ, ಅವರು ಹೋದ್ರು. ಕನ್ನಡಕ ನನ್ನ ಹತ್ರ ಇದೆ” ಎಂದರು. ಕನ್ನಡಕದ ಮಾತು ಯಾಕೆ ಬಂತೆಂದು ನಾನು ಕೇಳಲಿಲ್ಲ. ಯಾಕೆಂದು ಈಗ ಗೊತ್ತು, ಅದಕ್ಕೇ ಬರೆಯಲು ಕೂತಿದ್ದೇನೆ.

ಪೆನ್ಸಿಲ್ ಎಂದು ಅವನನ್ನು ಮೊದಲು ಕರೆದವನು ಶವಾಗಾರದ ಕಾವಲುಗಾರ. ಕೆಲಸದ ನಡುವೆ ಇವನು ಪೆನ್ಸಿಲನ್ನು ಬಡಗಿಯ ಹಾಗೆ ಕಿವಿಯ ಮೇಲೆ ಸಿಕ್ಕಿಸುತ್ತಿದ್ದ, ಅದು ಟಕ್ಕೆಂದು ನೆಲಕ್ಕೆ ಬೀಳುತ್ತಿತ್ತು. ಎತ್ತಿ ಮತ್ತೆ ಸಿಕ್ಕಿಸುತ್ತಿದ್ದ, ಮತ್ತೆ ಬೀಳುತ್ತಿತ್ತು. ಅವನ ಕಿವಿಗಳು ಬೇರೆಯವರದ್ದಕ್ಕಿಂತ ಒಂದು ಬೆರಳು ಕೆಳಗೆ ಕೂತಿದ್ದವು, ಹಿಂದಕ್ಕೆ ವಾಲಿದ್ದವು. ಕನ್ನಡಕವೂ ನಿಲ್ಲದೆ ಅದಕ್ಕೊಂದು ಕಪ್ಪು ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಂಡಿರುತ್ತಿದ್ದ.

ಅವನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದ ಚಿತ್ರಕಾರ, ನಾನು ಅದೇ ಕಾಲೇಜಿನ ಗ್ರಂಥಪಾಲಕ. ಮೂವತ್ತನಾಲ್ಕು ವರ್ಷ ಮಧ್ಯಾಹ್ನ ಒಂದು ಗಂಟೆಗೆ ನಾವಿಬ್ಬರೂ ಗ್ರಂಥಾಲಯದ ಕೊನೆಯ ಮೇಜಿನಲ್ಲಿ, ‘ಇಲ್ಲಿ ಆಹಾರ ತರಬಾರದು’ ಎಂಬ ಬೋರ್ಡಿನ ಕೆಳಗೆ, ಡಬ್ಬಿ ಬಿಚ್ಚಿ ಊಟ ಮಾಡಿದ್ದೇವೆ. ಬೋರ್ಡು ಬರೆದವನು ಅವನೇ. “ಇದು ಓದುವವರಿಗೆ. ನಾವು ಓದ್ತಿಲ್ವಲ್ಲ” ಎನ್ನುತ್ತಿದ್ದ. ನಿವೃತ್ತನಾದ ಮೇಲೂ ಬರುವುದನ್ನು ಬಿಡಲಿಲ್ಲ.

ಅವನು ಸೇರಿದಾಗ ವಿಭಾಗದ ಪ್ರೊಫೆಸರರಿಗೆ ಒಂದೇ ಹುಚ್ಚು. ಹೊರದೇಶದಿಂದ ಬರುವ ಅಟ್ಲಾಸುಗಳಲ್ಲಿ, ಅಂದರೆ ದೇಹರಚನೆಯ ಚಿತ್ರಪುಸ್ತಕಗಳಲ್ಲಿ, ಹೊರಗಿನವರ ತಲೆಗಳಿರುತ್ತವೆ, ನಮ್ಮವರ ದೇಹ ನೋಡಿ ನಮ್ಮದೇ ಒಂದು ಅಟ್ಲಾಸ್ ಮಾಡಬೇಕು ಎಂಬುದು. ಇವನಿಗೆ ಮೊದಲ ದಿನ ಅವರು ಹೇಳಿದ್ದು ಇಷ್ಟು: “ಕಂಡದ್ದು ಬರಿ. ಕಾಣದ್ದು ಬರೀಬೇಡ. ಚೆಂದ ಮಾಡೋಕೆ ಹೋಗ್ಬೇಡ.”

ದೇಹಗಳು ಬರುತ್ತಿದ್ದುದು ಆಸ್ಪತ್ರೆಯಿಂದ, ಬೀದಿಯಿಂದ. ವಾರಸುದಾರರು ಯಾರಾದರೂ ಬರುತ್ತಾರೆಯೇ ಎಂದು ಇಂತಿಷ್ಟು ದಿನ ಕಾದು, ಯಾರೂ ಬರದಿದ್ದರೆ ಕಾಲೇಜಿಗೆ ಕೊಡುತ್ತಿದ್ದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ಸತ್ತವರನ್ನಂತೂ ಯಾರೂ ಕೇಳಿರಲಿಲ್ಲ.

ಮೊದಲ ಚಿತ್ರಕ್ಕೆ ಅವನು ಹನ್ನೊಂದು ದಿನ ತೆಗೆದುಕೊಂಡ. ಒಬ್ಬ ಮುದುಕನ ತಲೆ ಮತ್ತು ಕತ್ತು, ಎಡಬದಿಯಿಂದ. ಇಂಥ ಚಿತ್ರಗಳಲ್ಲಿ ಕೆನ್ನೆಯ ಚರ್ಮ ತೆಗೆದು ಒಳಗಿನ ನರ, ಸ್ನಾಯು ತೋರಿಸುತ್ತಾರೆ. ಕಿವಿ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಮುದುಕನ ಕಿವಿಯ ಅಂಚಿನಲ್ಲಿ ಇಲಿ ಕಡಿದಂಥ ಒಂದು ಸಣ್ಣ ಕಚ್ಚು ಇತ್ತು. ಅದನ್ನೂ ಬರೆದಿದ್ದ. ಪ್ರೊಫೆಸರರು ಭೂತಗನ್ನಡಿ ಹಿಡಿದು ನೋಡಿ, “ಇದಪ್ಪಾ ಚಿತ್ರ! ಕಚ್ಚನ್ನೂ ಬಿಟ್ಟಿಲ್ಲ ನೋಡಿ” ಎಂದು ಕಟ್ಟು ಹಾಕಿಸಿ ಪ್ರದರ್ಶನದ ಹಾಲಿನಲ್ಲಿ ತೂಗುಹಾಕಿದರು.

ಆ ಹಾಲಿಗೆ ಪರದೆ ಹೊಲಿಯಲು ಒಬ್ಬ ಹೆಂಗಸು ಬಂದಳು. ಇಪ್ಪತ್ತೈದರ ಆಸುಪಾಸು, ಕತ್ತಿನಲ್ಲಿ ಅಳತೆಯ ಟೇಪು. ನಾನೂ ಪೆನ್ಸಿಲ್ಲೂ ಅಲ್ಲೇ ಕಪಾಟು ಜೋಡಿಸುತ್ತಿದ್ದೆವು. ಮೂರು ಕಿಟಕಿ ಅಳೆದವಳು ನಾಲ್ಕನೆಯದಕ್ಕೆ ಹೋಗುವಾಗ ಚಿತ್ರದ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ನಾಲ್ಕನೆಯ ಕಿಟಕಿಯನ್ನೂ ಅಳೆದು, ಅಳತೆ ಬರೆದುಕೊಂಡು ಬಂದು ಕೇಳಿದಳು:

“ಇದನ್ನ ಬರೆದವರು ಯಾರು?”

“ನಾನು” ಎಂದ ಇವನು. ಹೊಗಳಿಕೆ ಬರುತ್ತದೆಂದು ಅವನಿಗಿತ್ತು. ನನಗೂ ಹಾಗೇ ಅನ್ನಿಸಿತ್ತು.

“ಎಷ್ಟು ದಿನ ನೋಡ್ತಾ ಕೂತಿದ್ರಿ ಇವರನ್ನ?”

“ಹನ್ನೊಂದು ದಿನ.”

“ಇವರು ನಮ್ಮಪ್ಪ. ಮನೆ ಬಿಟ್ಟು ಹೋಗಿ ಎರಡು ವರ್ಷ ಆಯ್ತು. ಆ ಕಿವಿ ನಾನೇ ಕತ್ತರಿಸಿದ್ದು. ಚಿಕ್ಕೋಳಿದ್ದಾಗ ಅವರ ಕೂದಲು ಕತ್ತರಿಸ್ತೀನಿ ಅಂತ ಹಟ ಹಿಡಿದು ಕೂತಿದ್ದೆ.”

ದೇಹ ಎಲ್ಲಿದೆ ಎಂದು ಅವಳು ಕೇಳಿದಳು. ಆ ವರ್ಷದ ಎಲ್ಲರ ಜೊತೆ ಮಣ್ಣು ಮಾಡಿದ್ದೇವೆ ಎಂದು ನಾನು ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ.

“ಅಂಗೀದು ಒಂದು ಗುಂಡಿ ಬಿಚ್ಚಿದ್ರೆ ನಮ್ಮಪ್ಪ ಬಾಗಿಲಿಗೂ ಬರ್ತಿರಲಿಲ್ಲ. ಇಲ್ಲಿ ಊರೆಲ್ಲಾ ನೋಡೋ ಹಾಗೆ ಬಿಚ್ಕೊಂಡು ನಿಂತಿದಾರೆ. ಬೇರೆ ಯಾರಿಗೂ ಹೀಗೆ ಗುರುತು ಸಿಗಬಾರದು ಕಣ್ರೀ” ಎಂದಳು. ಪರದೆಗಳನ್ನು ಹೇಳಿದ ದಿನಕ್ಕೆ ಹೊಲಿದುಕೊಟ್ಟಳು.

ಪೆನ್ಸಿಲ್ ಪ್ರೊಫೆಸರರ ಬಳಿ ಹೋಗಿ ಕಿವಿ ಬಿಟ್ಟು ಬರೆಯಲೇ ಎಂದು ಕೇಳಿದ.

“ಕಿವಿ ಇಲ್ಲದ ತಲೆ ಯಾವ ಪ್ರಾಣಿದಯ್ಯಾ?”

“ಹಾಗಾದ್ರೆ ಬದಲಾಯಿಸಿ ಬರೀಲಾ ಸಾರ್?”

“ಒಂದು ಸುಳ್ಳು ಸೇರಿದ್ರೆ ಅಟ್ಲಾಸ್ ಪೂರ್ತಿ ಸುಳ್ಳು. ನೀನು ಕಣ್ಣು. ಕಣ್ಣಿಗೆ ದಯೆ ದಾಕ್ಷಿಣ್ಯ ಇರಬಾರದು. ಹೋಗು.”

ಅವನು ಹೋದ. ಒಂದು ವಾರದ ಮೇಲೆ ಹಾಲಿನ ಆ ಕಟ್ಟಿನಲ್ಲಿ ಬೇರೆ ಚಿತ್ರವಿತ್ತು. ಬೇರೆ ದೇಹದ್ದಿರಬೇಕೆಂದುಕೊಂಡೆ. ಅಲ್ಲವೆಂದು ತಿಳಿದದ್ದು ಮೂವತ್ತು ವರ್ಷದ ಮೇಲೆ: ಅದೇ ಮುದುಕ, ಅದೇ ನರ, ಅದೇ ಸ್ನಾಯು. ಕಿವಿ ಮಾತ್ರ ಪೆನ್ಸಿಲ್‌ನದು.

ಮುಂದಿನ ಐದು ವರ್ಷ, ಅಟ್ಲಾಸ್ ಅಚ್ಚಾಗುವವರೆಗೆ, ಬದಿಯಿಂದ ಕಾಣುವ ತಲೆ ಬಂದಾಗಲೆಲ್ಲ ಅವನು ಎರಡು ಚಿತ್ರ ಬರೆದ. ಕಂಡದ್ದನ್ನು ಕಂಡ ಹಾಗೆ ಬರೆದದ್ದು ಒಂದು. ಅದು ಅವನ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಗೆ ಹೋಗುತ್ತಿತ್ತು. ಕಿವಿ ಬದಲಾದದ್ದು ಇನ್ನೊಂದು. ಅದು ಪ್ರೊಫೆಸರರಿಗೆ. ಕಿವಿಯಷ್ಟೇ ಅಲ್ಲ, ಅದು ಕೂರುವ ಜಾಗವನ್ನೂ ವಾಲುವ ರೀತಿಯನ್ನೂ ತನ್ನದರಂತೆಯೇ ಮಾಡಿದ. ಬೇರೆ ಯಾರ ಕಿವಿ ತೆಗೆದುಕೊಂಡರೂ ಅವರನ್ನು ಕೇಳಬೇಕು. ತನ್ನದಾದರೆ ಯಾರನ್ನೂ ಕೇಳಬೇಕಿಲ್ಲ ಎಂಬುದು ಅವನ ಲೆಕ್ಕ. ಅಡುಗೆಮನೆಯ ಗೋಡೆಗೊಂದು ಕನ್ನಡಿ, ಕೈಯಲ್ಲೊಂದು ಕನ್ನಡಿ ಇಟ್ಟುಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದನಂತೆ. “ಕನ್ನಡಿ ಮುಂದೆ ಇಷ್ಟು ಹೊತ್ತು ನಿಲ್ಲೋ ಗಂಡಸನ್ನ ನಾನು ನೋಡಿಲ್ಲ ಅಣ್ಣಾ. ನಿಂತಿದ್ದಕ್ಕೆ ಸ್ವಲ್ಪ ಚೆಂದ ಆಗಿದ್ರೂ ಬೇಜಾರಿರ್ತಿರಲಿಲ್ಲ” ಎಂದು ಅವನ ಹೆಂಡತಿ ನನ್ನೆದುರು ಎಷ್ಟೋ ಸಲ ಅಂದಿದ್ದಾರೆ. ನಾನೂ ನಕ್ಕಿದ್ದೇನೆ. ಅಟ್ಲಾಸಿನ ಏಳು ಪ್ರತಿಗಳಿಗೆ ಮುದ್ರೆ ಒತ್ತಿ ಕಪಾಟಿಗೆ ಸೇರಿಸಿದವನು ನಾನು. ದಿನವೂ ಆ ಕಿವಿಯ ಎದುರು ಕೂತು ಉಂಡವನೂ ನಾನೇ. ನನಗೆ ಗೊತ್ತಾಗಲಿಲ್ಲ. ಪ್ರೊಫೆಸರರಿಗೂ ಗೊತ್ತಾಗಲಿಲ್ಲ. ಕಚ್ಚಿಲ್ಲದ ಕಿವಿ ಕಂಡು ಹಾಲಿನ ಚಿತ್ರವನ್ನು ಅವರೂ ಬೇರೆ ದೇಹದ್ದೆಂದುಕೊಂಡಿರಬೇಕು. ಅವರ ಕಣ್ಣೆಲ್ಲ ನರಗಳ ಮೇಲೆ. ಅಟ್ಲಾಸ್ ನೋಡಿ ಸಂತೋಷಪಟ್ಟು ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು.

ಕಳೆದ ವರ್ಷದವರೆಗೆ ಇದು ಹೀಗೇ ಇತ್ತು.

ನಮ್ಮ ಆಸ್ಪತ್ರೆಗೆ ಅದಕ್ಕೂ ಕೆಲವು ವರ್ಷ ಮೊದಲೇ ಒಬ್ಬ ಸರ್ಜನ್ ಬಂದಿದ್ದರು. ಹುಟ್ಟುವಾಗಲೇ ಕಿವಿಯಿಲ್ಲದ ಮಕ್ಕಳಿಗೆ ಪಕ್ಕೆಲುಬಿನ ಮೃದ್ವಸ್ಥಿ ಕೆತ್ತಿ ಕಿವಿ ಮಾಡುವುದರಲ್ಲಿ ನಿಪುಣರು. ಒಂದು ಕಿವಿ ಇದ್ದರೆ ಅದನ್ನು ನೋಡಿ ಇನ್ನೊಂದು ಮಾಡುತ್ತಾರೆ. ಎರಡೂ ಇಲ್ಲದಿದ್ದರೆ ಎಲ್ಲಿಡಬೇಕು, ಎಷ್ಟು ವಾಲಿಸಬೇಕು ಎಂಬುದಕ್ಕೆ ಎಲ್ಲಿಂದಲೋ ಅಳತೆ ಬೇಕು. ಅವರು ನಮ್ಮ ಅಟ್ಲಾಸನ್ನು ಅಳೆದಿದ್ದರು. ಒಂದು ಮಧ್ಯಾಹ್ನ ನಮ್ಮ ಊಟದ ಮೇಜಿಗೇ ಬಂದು ಪುಸ್ತಕ ಬಿಚ್ಚಿ ಕೂತರು.

“ಈ ಅಟ್ಲಾಸಿನ ಬಗ್ಗೆ ಒಂದು ಲೇಖನ ಬರೀತಿದೀನಿ ಸರ್. ನಲವತ್ತು ತಲೆ, ನಲವತ್ತರಲ್ಲೂ ಕಿವಿ ಒಂದೇ ಕೋನದಲ್ಲಿದೆ! ಎರಡು ಡಿಗ್ರಿ ಹೆಚ್ಚುಕಮ್ಮಿ ಇಲ್ಲ. ಇಂಥಾ ಹೊಂದಾಣಿಕೆ ನಾನು ಎಲ್ಲೂ ನೋಡಿಲ್ಲ. ನಮ್ಮ ಜನರ ಕಿವಿ ಸ್ವಲ್ಪ ಕೆಳಗೇ ಇರುತ್ತೆ ಅನ್ನೋದು ಇದರಿಂದ ಗೊತ್ತಾಯ್ತು.”

ಪೆನ್ಸಿಲ್ ತನ್ನ ಊಟದ ಡಬ್ಬಿಯ ಮುಚ್ಚಳ ಮತ್ತೆ ಹಾಕಿದ.

“ಎಷ್ಟು ಮಕ್ಕಳಿಗೆ ಮಾಡಿದೀರಿ, ಇದನ್ನ ನೋಡಿ?”

“ಎರಡೂ ಕಿವಿ ಇಲ್ಲದೋರು ಕಮ್ಮಿ. ನಾಲ್ಕು. ಮುಂದಿನ ತಿಂಗಳು ಐದನೆಯದು, ಒಂಬತ್ತು ವರ್ಷದ ಹುಡುಗಿ.”

ಅವತ್ತು ಅವನು ಊಟ ಮಾಡಲಿಲ್ಲ. ಮರುದಿನ ಹೊರರೋಗಿಗಳ ಸಾಲಿನಲ್ಲಿ ಹೋಗಿ ಕೂತ. ಆ ನಾಲ್ವರಲ್ಲಿ ಒಬ್ಬಳು ಹದಿನಾರರ ಹುಡುಗಿ, ತಪಾಸಣೆಗೆ ಬಂದಿದ್ದಳು. ಅವಳ ಕನ್ನಡಕಕ್ಕೆ ದಾರ ಕಟ್ಟಿತ್ತು. “ಎಷ್ಟು ಅಂಗಡಿ ತಿರುಗಿದ್ರೂ ಅಷ್ಟೇ, ಜಾರುತ್ತೆ” ಎಂದು ಅವಳ ತಾಯಿ ಹೇಳಿದರಂತೆ. “ಹೌದು, ಜಾರುತ್ತೆ. ದಾರ ಹತ್ತಿದು ಬೇಡ, ರೇಷ್ಮೆದು ಕಟ್ಟಿ, ಕೂದಲಿಗೆ ಸಿಕ್ಕಲ್ಲ” ಎಂದು ಇವನು ಹೇಳಿ ಎದ್ದು ಬಂದ. ನಲವತ್ತು ವರ್ಷದ ಅನುಭವದ ಮಾತು.

ಅದೇ ಸಂಜೆ ನನ್ನನ್ನು ಕರೆದುಕೊಂಡು ಸರ್ಜನ್ನರ ಕೋಣೆಗೆ ಹೋದ. ದಾರ ಬಿಚ್ಚಿ, ಕನ್ನಡಕ ತೆಗೆದು, ಮೇಜಿನ ದೀಪದ ಕಡೆ ಮುಖ ತಿರುಗಿಸಿ ಕೂತ.

“ಅಳೀರಿ” ಎಂದ.

ಸರ್ಜನ್ ಅಳೆದರು. ಕಿವಿ ಅಳೆದವರು ಅಟ್ಲಾಸ್ ನೋಡಿದರು, ಮತ್ತೆ ಅಳೆದರು. ನನಗೂ ಆಗಲೇ ತಿಳಿದದ್ದು. ಅವನು ಎಲ್ಲ ಹೇಳಿ ಮುಗಿಸಿದ ಮೇಲೆ ಸರ್ಜನ್ ಅಟ್ಲಾಸ್ ಮುಚ್ಚಿದರು.

“ಮೂವತ್ತು ವರ್ಷ ನಮ್ಮೆಲ್ಲರ ಕಿವಿ ಮೇಲೆ ಹೂ ಇಟ್ಟಿದೀರಲ್ಲ ಸ್ವಾಮಿ. ನಾಲ್ಕು ಮಕ್ಕಳಿಗೆ ನಿಮ್ಮ ಕಿವಿ ಇಟ್ಟಿದೀನಿ ನಾನು!”

“ತಪ್ಪು ನಂದು.”

“ತಪ್ಪು ಯಾರದಾದ್ರೂ ಆಗ್ಲಿ. ನಿಜವಾದ ಚಿತ್ರ ಇದೆ ಅಂದ್ರಲ್ಲ, ಆ ನಲವತ್ತು ಕೊಡಿ. ಒಂದು ವಾರದಲ್ಲಿ ಸರಿಯಾದ ಅಳತೆ ಸಿಗುತ್ತೆ. ಹುಡುಗಿ ಆಪರೇಷನ್ ನಿಲ್ಲಿಸಬೇಕಾಗಿಲ್ಲ.”

“ಕೊಡೋಕಾಗಲ್ಲ.”

“ಯಾಕೆ?”

“ಅವರನ್ನ ಕೇಳಿಲ್ಲ.”

“ಸತ್ತಿದಾರೆ ರೀ ಅವರು! ಸತ್ತವರ ಮರ್ಯಾದೆಗೋಸ್ಕರ ಬದುಕಿರೋ ಮಗು ಕಾಯಬೇಕಾ? ಚಿತ್ರ ಬೇಡ, ಬರೀ ಅಳತೆ ಕೊಡಿ. ಅಂಕಿಗೆ ಮುಖ ಇರುತ್ತಾ?”

“ಇರಲ್ಲ. ಆದ್ರೆ ಅವರ ಮುಖದಿಂದ್ಲೇ ತೆಗೀಬೇಕಲ್ಲ. ಒಂದ್ಸಲ ಕೇಳದೆ ತೆಗೆದಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

ಸರ್ಜನ್ ನನ್ನ ಕಡೆ ತಿರುಗಿ, “ನೀವಾದ್ರೂ ಹೇಳಿ” ಎಂದರು. ಮನಸ್ಸಿನಲ್ಲಿ ನಾನು ಸರ್ಜನ್ನರ ಕಡೆಗೇ ಇದ್ದೆ, ಈಗಲೂ ಮುಕ್ಕಾಲು ಪಾಲು ಅಲ್ಲೇ ಇದ್ದೇನೆ. ಜ್ಞಾನಕ್ಕೆ ಲಗಾಮು ಬೇಕೆನ್ನುವವರನ್ನು ಓದಿದ್ದೇನೆ, ಬೇಡವೆನ್ನುವವರನ್ನೂ ಓದಿದ್ದೇನೆ. ಇಬ್ಬರ ಪುಸ್ತಕಗಳೂ ನನ್ನ ಗ್ರಂಥಾಲಯದಲ್ಲಿ ಅಕ್ಕಪಕ್ಕದ ಕಪಾಟುಗಳಲ್ಲಿವೆ. ಅವುಗಳಲ್ಲಿ ಯಾವುದರಲ್ಲೂ ಲಗಾಮು ಹಾಕಿದವನೇ ಸುಳ್ಳು ಬರೆದು, ಆ ಸುಳ್ಳು ಒಂದು ಮಗುವಿನ ತಲೆಗೆ ಹೋಗಿ ಕೂತ ಕಥೆ ಇರಲಿಲ್ಲ.

ನಲವತ್ತು ಜನರಲ್ಲಿ ಒಬ್ಬರನ್ನು ಕೇಳಲು ಸಾಧ್ಯವಿತ್ತು. ಪೆನ್ಸಿಲ್ ಆ ಹೊಲಿಗೆಯವಳನ್ನು ಹುಡುಕಿಕೊಂಡು ಹೋದ. ಮೂರು ಯಂತ್ರಗಳಿದ್ದ ಅಂಗಡಿ, ಅವಳ ಕೂದಲು ನರೆತಿತ್ತು. ಅವನು ಪೆಟ್ಟಿಗೆಯಿಂದ ತೆಗೆದು ತಂದಿದ್ದ ಅವಳಪ್ಪನ ಹಾಳೆಯನ್ನು ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಡಿಸಿ, ಕೈಯಿಂದ ಸವರಿ ಮಡಿಕೆ ತೆಗೆದಳು.

“ಅಳತೆ ತಾನೆ ಬೇಕಾಗಿರೋದು? ತಗೊಳ್ಳಿ. ಅಳತೆ ಕೊಡೋದ್ರಿಂದ ನಮ್ಮಪ್ಪನ ಗುಂಡಿ ಏನೂ ಬಿಚ್ಚಲ್ಲ. ಹಾಳೆ ಮಾತ್ರ ನಂಗಿರ್ಲಿ.” ಆಮೇಲೆ, “ನಂದೂ ಅಳೀರಿ ಬೇಕಾದ್ರೆ. ನನ್ನ ಕಿವೀಲಿ ಕಚ್ಚು ಇಲ್ಲ” ಎಂದಳಂತೆ.

ಆ ಮಾತಿನಿಂದಲೇ ಅವನಿಗೆ ದಾರಿ ತೋರಿದ್ದು. ಉಳಿದ ಮೂವತ್ತೊಂಬತ್ತು ಜನರನ್ನು ಕೇಳಲು ಯಾರೂ ಇರಲಿಲ್ಲ, ಬದುಕಿರುವವರನ್ನಾದರೆ ಕೇಳಬಹುದು. ಸುಳ್ಳು ನಲವತ್ತಕ್ಕೆ ನಿಜದ ನಲವತ್ತು ಕೊಡುತ್ತೇನೆ ಎಂದ. ನಾನು ಒಂದು ಪುಟದ ಒಪ್ಪಿಗೆ ಪತ್ರ ಟೈಪು ಮಾಡಿಕೊಟ್ಟೆ: ಕಿವಿಯನ್ನು ಯಾತಕ್ಕೆ ಬರೆಯುತ್ತಾರೆ, ಎಲ್ಲಿ ಬಳಸುತ್ತಾರೆ, ಬೇಡವೆನ್ನಿಸಿದರೆ ಯಾವಾಗ ಬೇಕಾದರೂ ವಾಪಸು ಕೇಳಬಹುದು.

ಮೊದಲ ಸಹಿ ಹೆಂಡತಿಯದು. “ಮದುವೆ ದಿನ ಒಪ್ಪಿಗೆ ಇದೆಯಾ ಅಂತ ಯಾರೂ ಕೇಳಲಿಲ್ಲ. ಈಗ ಕಿವಿಗೆ ಕೇಳ್ತಾರೆ” ಎಂದರು, ಸಹಿ ಹಾಕಿದರು.

ಮುಂದೆ ಆರು ತಿಂಗಳು ಅವನು ಹೊರರೋಗಿಗಳ ಹಜಾರದ ಬೆಂಚಿನಲ್ಲಿ ಕೂತ. ಸರದಿ ಕಾಯುವವರ ಹತ್ತಿರ ಹೋಗಿ ಕೇಳುವುದು, ಪತ್ರ ಓದಿ ಹೇಳುವುದು, ಬರೆಯುವುದು. ಹತ್ತು ಜನರನ್ನು ಕೇಳಿದರೆ ಒಬ್ಬರು ಒಪ್ಪುತ್ತಿದ್ದರು. “ಕಿವಿ ಮನೇಲಿ ಹೆಂಡತಿಗೆ ಕೊಟ್ಟಾಗಿದೆ, ನಂದೇನೂ ಉಳಿದಿಲ್ಲ” ಎಂದ ಒಬ್ಬ ಬಸ್ ಡ್ರೈವರ್. ಒಬ್ಬ ಅಜ್ಜಿ ಎರಡು ಗಂಟೆ ಅಲುಗಾಡದೆ ಕೂತರು. ಅದು ಅವನ ಕೈಯಿಂದ ಬಂದ ಅತ್ಯುತ್ತಮ ಚಿತ್ರ, ನಾನು ನೋಡಿದ್ದೇನೆ. ಮರುದಿನ ಅಜ್ಜಿ ವಾಪಸು ಬಂದು, “ಯಾಕೋ ರಾತ್ರಿಯೆಲ್ಲ ಮನಸ್ಸಿಗೆ ಸರಿಹೋಗಲಿಲ್ಲಪ್ಪ” ಎಂದರು. ಅವನು ಮೂಲ ಹಾಳೆಯನ್ನೂ ಅಳತೆಯ ಚೀಟಿಯನ್ನೂ ಅವರ ಕೈಗೇ ಕೊಟ್ಟ. ಇಪ್ಪತ್ತಾರಕ್ಕೆ ಬಂದಿದ್ದ ಎಣಿಕೆ ಇಪ್ಪತ್ತೈದಕ್ಕೆ ಇಳಿಯಿತು.

ಇಪ್ಪತ್ತು ಸಾಕು ಎಂದು ಸರ್ಜನ್ ಹೇಳಿ ಆಗಲೇ ಎರಡು ತಿಂಗಳಾಗಿತ್ತು. ಇವನು ಕೇಳಲಿಲ್ಲ. ಮುಗಿಯದ ಅಳತೆ ಕೊಡುವುದಿಲ್ಲವೆಂದು ಹಟ ಹಿಡಿದ. ಅದು ಹಟವೇ, ಅದನ್ನು ಬೇರೆ ಹೆಸರಿನಿಂದ ನಾನು ಕರೆಯುವುದಿಲ್ಲ. ಒಂಬತ್ತು ವರ್ಷದ ಆ ಹುಡುಗಿಯ ತಾಯಿ ಒಂದು ದಿನ ಹಜಾರದಲ್ಲೇ ಅವನನ್ನು ತಡೆದು ನಿಲ್ಲಿಸಿದರು.

“ಒಂದು ಕಿವಿಗೆ ಎಷ್ಟು ದಿನ ಬೇಕು ಸ್ವಾಮಿ ನಿಮಗೆ? ಬೇಸಿಗೆ ರಜೆ ಹೋಯ್ತು. ಇವಳು ಇನ್ನೊಂದು ವರ್ಷ ತಲೆಗೆ ಬಟ್ಟೆ ಸುತ್ಕೊಂಡು ಶಾಲೆಗೆ ಹೋಗಬೇಕಾ? ನಿಮ್ಮ ಮಗಳಾಗಿದ್ರೆ ಕಾಯ್ತಿದ್ರಾ?”

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕಿವಿಯ ಜಾಗಕ್ಕೆ ಪಟ್ಟಿ ಕಟ್ಟಿಕೊಂಡು ಶ್ರವಣಯಂತ್ರ ಹಾಕಿಕೊಂಡಿದ್ದ ಹುಡುಗಿ ತಾಯಿಯ ಸೆರಗಿನ ಹಿಂದಿನಿಂದ ಕೇಳಿದಳು:

“ನಂಗೆ ಯಾರ ಕಿವಿ ಬರುತ್ತೆ?”

“ಯಾರದ್ದೂ ಅಲ್ಲ ಪುಟ್ಟಿ. ನಲವತ್ತು ಜನ ಸೇರಿ ಕೊಡ್ತಾರೆ.”

“ಅವರೆಲ್ಲ ಹೂಂ ಅಂದಿದಾರಾ?”

“ಇನ್ನೂ ಒಂಬತ್ತು ಜನ ಅನ್ನಬೇಕು.”

“ಬೇಗ ಕೇಳಿ” ಎಂದಳು ಅವಳು.

ಅಂದಿನಿಂದ ಅವನು ಬೆಳಗ್ಗೆ ಎಂಟಕ್ಕೇ ಬಂದು ಕೂರಲು ಶುರುಮಾಡಿದ. ಕಾಲು ಊದಿಕೊಳ್ಳುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಮೂವತ್ತೊಂಬತ್ತನೆಯ ಕಿವಿ ಮುಗಿಸಿ ಎದ್ದವನು ಅದೇ ಹಜಾರದಲ್ಲಿ ಕುಸಿದ. ಎತ್ತಿಕೊಂಡು ಹೋಗಲು ಬಂದವರಿಗೆ, “ಹಾಳೆ ಮಡಚಬೇಡಿ” ಎಂದನಂತೆ.

ಇದನ್ನು ಬರೆಯುವ ಹೊತ್ತಿಗೆ ಹುಡುಗಿಯ ಮೊದಲ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೂ ಎರಡು ಆಗಬೇಕು. ಮೊದಲಿನ ನಾಲ್ವರ ಮನೆಯವರಿಗೆ ಸರ್ಜನ್ ತಾವೇ ಹೋಗಿ ವಿಷಯ ತಿಳಿಸಿದರು. ಒಬ್ಬರು ಕಿವಿ ಸರಿಪಡಿಸಿಕೊಳ್ಳುತ್ತೇವೆ ಎಂದಿದ್ದಾರೆ. ಹದಿನಾರರ ಹುಡುಗಿ ತನಗೆ ಇದೇ ಇರಲಿ ಎಂದಿದ್ದಾಳೆ. ತಗಡಿನ ಪೆಟ್ಟಿಗೆ ನನ್ನ ಕೋಣೆಯ ಬೀರುವಿನಲ್ಲಿದೆ. ಅದರಲ್ಲಿ ಮೂವತ್ತೊಂಬತ್ತು ಹಾಳೆಗಳಿವೆ, ನಾನು ಬಿಚ್ಚಿಲ್ಲ. ಅಟ್ಲಾಸಿನ ಏಳು ಪ್ರತಿಗಳಿಗೂ ಅವನು ಕೊಟ್ಟ ಒಂದು ಚೀಟಿಯನ್ನು ನಾನೇ ಗೋಂದು ಹಚ್ಚಿ ಅಂಟಿಸಿದ್ದೇನೆ: ‘ಈ ಪುಸ್ತಕದ ನಲವತ್ತು ಚಿತ್ರಗಳಲ್ಲಿರುವ ಕಿವಿ ಒಬ್ಬನದೇ. ಅವನು ಚಿತ್ರಕಾರ. ದಯವಿಟ್ಟು ಅಳೆಯಬೇಡಿ.’

ಕೊನೆಯ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ನಾನು ಡಬ್ಬಿ ಹಿಡಿದು ವಾರ್ಡಿಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದ. ಮೂಗಿಗೆ ಆಮ್ಲಜನಕದ ನಳಿಗೆ. ಅದನ್ನೂ ಕಿವಿಗೆ ಸಿಕ್ಕಿಸಲಾಗದೆ ನರ್ಸು ಕೆನ್ನೆಗೆ ಪಟ್ಟಿ ಹಾಕಿ ಅಂಟಿಸಿದ್ದಳು.

“ಒಂದು ಬಾಕಿ ಇದೆ” ಎಂದ.

“ಗೊತ್ತು. ಬರಿ” ಎಂದು ಮುಖ ತಿರುಗಿಸಿ ಕೂತೆ.

“ಹಾಗಲ್ಲ. ಪತ್ರ ಓದು.”

“ಆ ಪತ್ರ ಟೈಪು ಮಾಡಿದ್ದೇ ನಾನು ಕಣೋ.”

“ಓದು. ಬೇಡ ಅನ್ನಿಸಿದ್ರೆ ಬೇಡ ಅನ್ನಬಹುದು. ನಾನು ಬೇಜಾರು ಮಾಡ್ಕೊಳಲ್ಲ.”

ನಾನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿ ಸಹಿ ಹಾಕಿದೆ. ತಾರೀಖು ಬಿಟ್ಟಿದ್ದೆ, ಅದನ್ನೂ ಹಾಕಿಸಿದ. ಕನ್ನಡಕದ ದಾರ ಬಿಗಿ ಮಾಡೆಂದು ಹೆಂಡತಿಗೆ ಹೇಳಿದ. ಒಂದೂಕಾಲು ಗಂಟೆ ಬರೆದ. ಮಧ್ಯೆ ಎರಡು ಸಲ ಕೈ ಕೆಳಗಿಟ್ಟು ಉಸಿರು ತೆಗೆದುಕೊಂಡ. ಕಂಪಾಸು ಹಿಡಿದು ನನ್ನ ಹುಬ್ಬಿನಿಂದ ಕಿವಿಯ ಬುಡದವರೆಗೆ ಒಮ್ಮೆ ಅಳೆದ, ನಂಬಿಕೆಯಿಲ್ಲದವನಂತೆ ಇನ್ನೊಮ್ಮೆ ಅಳೆದ.

“ಏನಾಯ್ತು?”

“ನಿಂದು ಸರಿಯಾಗಿದೆ” ಎಂದ.

ರಬ್ಬರಿನ ಪುಡಿ ಊದಲು ಉಸಿರಿರಲಿಲ್ಲ, ಅಂಗೈಯಿಂದ ಒರೆಸಿದ. ಹಾಳೆಯ ಮೂಲೆಯಲ್ಲಿ ನಲವತ್ತು ಎಂದು ಬರೆದ. ಒಪ್ಪಿಗೆ ಪತ್ರವನ್ನು ಹಾಳೆಯ ಹಿಂದಿಟ್ಟು ಗುಂಡುಸೂಜಿ ಚುಚ್ಚಿ ನನ್ನ ಕೈಗೆ ಕೊಟ್ಟ. ಆಮೇಲೆ ಕನ್ನಡಕ ತೆಗೆದು, ದಾರ ಸುತ್ತಿ, ಹೆಂಡತಿಯ ಕೈಗೆ ಕೊಟ್ಟ.